ಫ್ಯೂಸ್ ಯಾವ ತುದಿಯಲ್ಲಿರಬೇಕು? – ಒಂದು ಸೂಚನಾ ಹಾಳೆಯ ವಿಮರ್ಶೆ

ವಿಮರ್ಶೆಗೆ ಪುಸ್ತಕವೇ ಆಗಬೇಕೆಂದೇನಿಲ್ಲ. ನನ್ನ ಮುಂದಿರುವುದು ನಾಲ್ಕಾಗಿ ಮಡಿಸಿದ ಒಂದು ಹಾಳೆ. ಪಿಕಪ್ ವಾಹನದ ಚಾವಣಿಗೆ, ಚಾಲಕನ ತಲೆಯ ಮೇಲೆ ಕೂರಿಸುವ ಓವರ್‌ಹೆಡ್ ಕನ್ಸೋಲ್ ಎಂಬ ಪೆಟ್ಟಿಗೆಯೊಡನೆ ಬಂದದ್ದು. ಪೆಟ್ಟಿಗೆಯಲ್ಲಿ ಎಲ್‌ಇಡಿ ದೀಪ, ಗಡಿಯಾರ, ಅಂಗೈ ಅಗಲದ ಫ್ಯಾನು, ಮೊಬೈಲ್ ಚಾರ್ಜ್ ಮಾಡಲು ಎರಡು ಯುಎಸ್‌ಬಿ ಕಿಂಡಿ, ಕನ್ನಡಕ ಇಡಲು ಒಂದು ಗೂಡು ಇವೆ. ವಾಹನದೊಡನೆ ಬರುವುದಲ್ಲ, ಆಮೇಲೆ ಕೊಂಡು ಜೋಡಿಸಿಕೊಳ್ಳುವಂಥದು.

ಹಾಳೆ ತಂದುಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಡುವೆ ಪಿಕಪ್ ಓಡಿಸುತ್ತಾನೆ. ಅಡಿಕೆ ಮೂಟೆ, ಬಾಳೆಗೊನೆ, ಕೆಲವೊಮ್ಮೆ ಮದುವೆ ಮನೆಯ ಪಾತ್ರೆಪರಡಿ. ಬಾಡಿಗೆ ಸಿಕ್ಕರೆ ಕೆರೆಕಟ್ಟೆ ದಾಟಿ ಮಾಳ ಘಾಟಿ ಇಳಿದು ಕಾರ್ಕಳದವರೆಗೂ ಹೋಗುವುದುಂಟು. ಸಾಲದ ಕಂತು ಇನ್ನೂ ಮುಗಿದಿಲ್ಲ. ಪೆಟ್ಟಿಗೆಯನ್ನು ತಾನೇ ಜೋಡಿಸಿದ್ದ. ಒಂದು ಸಂಜೆ ಏರಿನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು, ಮುಂಗಾಜಿನ ಪಕ್ಕದ ಕಂಬದ ಸಂದಿಯಿಂದ ಹೊಗೆ ಎದ್ದಿತು. ಬ್ಯಾಟರಿಯ ಲಗ್ಗನ್ನು ಒಮ್ಮೆ ಬಿಗಿದು ಒಮ್ಮೆ ಸಡಿಲಿಸುತ್ತಿದ್ದುದರಿಂದ ಸ್ಪ್ಯಾನರ್ ಸೀಟಿನ ಕೆಳಗೇ ಇತ್ತು. ಲಗ್ ಕಳಚಿದ, ವಾಹನ ಉಳಿಯಿತು. ಅವನನ್ನು ಕಾಡಿದ್ದು ಬೇರೆ ಪ್ರಶ್ನೆ. "ಸರ್, ಹಾಳೆಯಲ್ಲಿ ಇದ್ದ ಹಾಗೇ ಮಾಡಿದ್ದೆ. ಫ್ಯೂಸೂ ಹಾಕಿದ್ದೆ. ಅದು ಹೋಗಲೇ ಇಲ್ಲ. ಯಾಕೆ?"

ಮೊದಲು ಹಾಳೆಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ತಂತಿಯ ಅಡ್ಡಕೊಯ್ತ 0.5 ಚದರ ಮಿ.ಮೀ., ಫ್ಯೂಸ್ 10 ಆಂಪೇರ್ ಎಂದು ಸ್ಪಷ್ಟವಾಗಿ ಹೇಳಿದೆ. ದೀಪ, ಫ್ಯಾನು, ಚಾರ್ಜರ್ ಎಲ್ಲ ಸೇರಿ ಸುಮಾರು 5 ಆಂಪೇರ್ ಎಳೆದಾವು. ತಾಮ್ರದ ರೋಧಶೀಲತೆ 1.7×10⁻⁸ ಓಮ್-ಮೀಟರ್, ಆದ್ದರಿಂದ ಈ ತಂತಿಯ ಒಂದು ಮೀಟರಿಗೆ 0.034 ಓಮ್. ಬ್ಯಾಟರಿಯಿಂದ ಚಾವಣಿಗೆ 4 ಮೀಟರ್ ಎಂದರೆ 0.14 ಓಮ್. ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜು 0.7, ತಂತಿಯಲ್ಲಿ ಹುಟ್ಟುವ ಶಾಖ ಮೀಟರಿಗೆ ಒಂದು ವ್ಯಾಟಿಗೂ ಕಡಿಮೆ. ಮುಟ್ಟಿದರೆ ತಿಳಿಯುವಷ್ಟೂ ಬೆಚ್ಚಗಾಗದು. ಎಲ್ಲವೂ ಸರಿಯಾಗಿರುವಾಗ ಈ ಹಾಳೆಯೂ ಸರಿ.

ದೋಷ ಇರುವುದು ಚಿತ್ರದಲ್ಲಿ. ಎಡಗಡೆ ಬ್ಯಾಟರಿ, ಅಲ್ಲಿಂದ ಒಂದು ನೇರ ಗೆರೆ, ಬಲಗಡೆ ಪೆಟ್ಟಿಗೆ. ಫ್ಯೂಸನ್ನು ಪೆಟ್ಟಿಗೆಯ ಒಳಗೇ ತೋರಿಸಿದೆ. ಬದಲಿಸಲು ಅನುಕೂಲವೆಂದು ಇರಬಹುದು. ಚಿತ್ರ ಬರೆದವರನ್ನು ಕೇಳಿದ್ದರೆ ಏನೆನ್ನುತ್ತಿದ್ದರೆಂದು ಊಹಿಸಬಲ್ಲೆ: ಫ್ಯೂಸ್ ಸರಣಿಯಲ್ಲಿದೆ, ಸರಣಿ ಮಂಡಲದಲ್ಲಿ ಪ್ರವಾಹ ಎಲ್ಲೆಡೆಯೂ ಒಂದೇ, ಹಾಗಾಗಿ ಎಲ್ಲಿಟ್ಟರೇನು?

ಈ ವಾಕ್ಯ ನನಗೆ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದು ನಾನೇ. ಫ್ಯೂಸ್ ಮಂಡಲದ ಯಾವ ಜಾಗದಲ್ಲಿದ್ದರೂ ನಡೆಯುತ್ತದೆ ಎಂದು ಬರೆದ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟಿದ್ದೇನೆ. ಹಾಗಾಗಿ ಈ ಟೀಕೆಯ ಅರ್ಧ ನನ್ನ ಮೇಲೂ ಬೀಳುತ್ತದೆ.

ವಾಕ್ಯದಲ್ಲಿ ತಪ್ಪೇನು? ಕಪ್ಪುಹಲಗೆಯ ಮೇಲಿನ ಮಂಡಲಕ್ಕೆ ಅದು ಪೂರ್ತಿ ಸತ್ಯ. ಆದರೆ ಫ್ಯೂಸನ್ನು ಇಡುವುದು ಆ ಮಂಡಲಕ್ಕಾಗಿ ಅಲ್ಲ, ಆ ಮಂಡಲ ಕೆಟ್ಟಾಗ ಹುಟ್ಟುವ ಇನ್ನೊಂದು ಮಂಡಲಕ್ಕಾಗಿ. ವಾಹನದ ತಗಡೆಲ್ಲವೂ ಬ್ಯಾಟರಿಯ ಋಣ ಧ್ರುವಕ್ಕೆ ಸೇರಿರುತ್ತದೆ. ತಂತಿ ಎಂಜಿನ್ ಕಡೆಯಿಂದ ತಗಡಿನ ರಂಧ್ರ ದಾಟಿ, ಡ್ಯಾಶ್‌ಬೋರ್ಡಿನ ಹಿಂದೆ ನುಸುಳಿ, ಕಂಬದೊಳಗೆ ಮೇಲೇರುತ್ತದೆ. ನಮ್ಮ ರಸ್ತೆಗಳ ಕುಲುಕಾಟದಲ್ಲಿ ತಗಡಿನ ಅಂಚು ಗರಗಸದಂತೆ ದಿನವೂ ಅದನ್ನು ಉಜ್ಜುತ್ತದೆ. ಒಂದು ದಿನ ಹೊದಿಕೆ ಸವೆದು ತಾಮ್ರ ತಗಡಿಗೆ ತಾಗಿದರೆ ಹ್ರಸ್ವಮಂಡಲ, ಅಂದರೆ ಶಾರ್ಟ್. ಆಗ ಪ್ರವಾಹ ಬ್ಯಾಟರಿಯಿಂದ ಹೊರಟು ಆ ಬಿಂದುವಿನಲ್ಲೇ ತಗಡಿಗಿಳಿದು ಹಿಂದಿರುಗುತ್ತದೆ. ಪೆಟ್ಟಿಗೆಯವರೆಗೆ ಹೋಗುವುದೇ ಇಲ್ಲ. ಅಲ್ಲಿ ಕುಳಿತ ಫ್ಯೂಸಿಗೆ ಸುದ್ದಿಯೂ ತಲುಪದು. ನಮ್ಮ ವಿದ್ಯಾರ್ಥಿಯ ಫ್ಯೂಸ್ ಹೋಗದೆ ಉಳಿದದ್ದು ಹೀಗೆ.

ಎಷ್ಟು ಪ್ರವಾಹ ಹರಿದೀತು? ಬ್ಯಾಟರಿಯಿಂದ ತಾಗಿದ ಜಾಗಕ್ಕೆ 2.5 ಮೀಟರ್ ಎಂದುಕೊಳ್ಳೋಣ. ತಂತಿಯ ರೋಧ 0.085 ಓಮ್. ಬ್ಯಾಟರಿಯ ಆಂತರಿಕ ರೋಧ, ಸಂಪರ್ಕಗಳ ರೋಧ ಸೇರಿ 0.015 ಇರಲಿ. ಒಟ್ಟು 0.1 ಓಮ್. 12.6 ವೋಲ್ಟಿಗೆ 126 ಆಂಪೇರ್! ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 1350 ವ್ಯಾಟ್. ನೀರು ಕಾಯಿಸುವ ಕಾಯಿಲ್‌ನ ಸಾಮರ್ಥ್ಯ. ಆದರೆ ಇಲ್ಲಿ ಕಾಯಬೇಕಾದದ್ದು ಬಕೆಟ್ ನೀರಲ್ಲ, 11 ಗ್ರಾಂ ತಾಮ್ರ. ಅದರ ವಿಶಿಷ್ಟೋಷ್ಣ ಗ್ರಾಂಗೆ 0.385 ಜೂಲ್. ಭಾಗಿಸಿ ನೋಡಿ, ಸೆಕೆಂಡಿಗೆ 300 ಡಿಗ್ರಿಗೂ ಮಿಕ್ಕಿ ತಾಪ ಏರುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ ಸೆಲ್ಸಿಯಸ್. ತಾಪ ಏರಿದಂತೆ ತಾಮ್ರದ ರೋಧವೂ ಏರುವುದರಿಂದ ವೇಗ ಕ್ರಮೇಣ ತಗ್ಗುತ್ತದೆ. 250 ಡಿಗ್ರಿ ಏರಿದಾಗ ರೋಧ ಹೆಚ್ಚುಕಡಿಮೆ ಇಮ್ಮಡಿ, ಶಾಖ ಸುಮಾರು 800 ವ್ಯಾಟ್. ಆ ಹೊತ್ತಿಗೆ ಹೊದಿಕೆ ಹೊಗೆಯಾಗಿರುತ್ತದೆ. (ಪದವಿ ತರಗತಿಯವರು ಇದನ್ನು ಅವಕಲ ಸಮೀಕರಣವಾಗಿ ಬಿಡಿಸಬಹುದು, ಒಳ್ಳೆಯ ಅಭ್ಯಾಸ.)

ಈಗ ಅದೇ 10 ಆಂಪೇರಿನ ಫ್ಯೂಸನ್ನು ಬ್ಯಾಟರಿಯ ಧನ ಧ್ರುವದ ಪಕ್ಕಕ್ಕೆ ತನ್ನಿ. ಹನ್ನೆರಡು ಪಟ್ಟು ಪ್ರವಾಹಕ್ಕೆ ಅದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೇ ಕರಗುತ್ತದೆ. ಅಷ್ಟರಲ್ಲಿ ತಂತಿಯ ತಾಪ ಏರುವುದು 30 ಡಿಗ್ರಿ. ಹೊದಿಕೆಗೆ ಏನೂ ಆಗದು. ಅದೇ ಫ್ಯೂಸ್, ಅದೇ ತಂತಿ, ಬೆಲೆಯಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ. ಫ್ಯೂಸ್ ಕಾಯುವುದು ಉಪಕರಣವನ್ನಲ್ಲ, ತನ್ನ ಮುಂದಿರುವ ತಂತಿಯನ್ನು. ನಮ್ಮ ಪಾಠಗಳಲ್ಲಿ ಇದು ಸಾಮಾನ್ಯವಾಗಿ ತಲೆಕೆಳಗಾಗಿ ಬರುತ್ತದೆ.

ಹಾಳೆಯ ಇನ್ನೊಂದು ಸಾಲು ನನಗೆ ಇದಕ್ಕಿಂತ ಕೋಪ ತರಿಸಿತು. ಫ್ಯೂಸ್ ಪದೇ ಪದೇ ಹೋದರೆ ಹೆಚ್ಚಿನ ಆಂಪೇರಿನದನ್ನು ಬಳಸಬಹುದಂತೆ. ವಾಹನದ ಫ್ಯೂಸುಗಳಿಗೆ ಬಣ್ಣದ ಸಂಕೇತವಿದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪೇರ್. ಕೆಂಪಿನ ಜಾಗಕ್ಕೆ ಹಸಿರು ಬಂದರೆ ಪ್ರವಾಹದ ಮಿತಿ ಮೂರು ಪಟ್ಟು, ಜೂಲ್‌ನ ನಿಯಮದಂತೆ ಶಾಖ ಒಂಬತ್ತು ಪಟ್ಟು. ಇದೇ ತಂತಿಯಲ್ಲಿ 30 ಆಂಪೇರ್ ನಿಂತು ಹರಿದರೆ ಮೀಟರಿಗೆ 30 ವ್ಯಾಟ್. ಬೆಸುಗೆ ಕಡ್ಡಿಯನ್ನು ಚಾವಣಿಯ ಬಟ್ಟೆಯ ಹಿಂದೆ ಮಲಗಿಸಿದಂತೆ. ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತುವವರ ಬಗ್ಗೆ ಬರೆಯುವುದೇ ಬೇಡ.

ಕಪ್ಪು ತಂತಿಯನ್ನು ಹತ್ತಿರದ ಯಾವುದಾದರೂ ಸ್ಕ್ರೂವಿಗೆ ಕಟ್ಟಿ ಎನ್ನುತ್ತದೆ ಹಾಳೆ. ಸ್ಕ್ರೂವಿನ ಕೆಳಗೆ ಬಣ್ಣ ಇದ್ದರೆ ಅದು ಅವಾಹಕ. ತಿರುಚಿ ಟೇಪು ಸುತ್ತಿದ ಕೀಲಿನ ಕಥೆಯೂ ಇದೇ. ಶೃಂಗೇರಿ ಸೀಮೆಯ ಮಳೆಗಾಲದ ತೇವದಲ್ಲಿ ಟೇಪಿನ ಅಂಟು ಬಿಡುತ್ತದೆ, ತಾಮ್ರ ಕಪ್ಪಾಗುತ್ತದೆ. ಕೀಲಿನ ರೋಧ 0.1 ಓಮ್‌ಗೆ ಏರಿದರೂ ಸಾಕು, 5 ಆಂಪೇರಿಗೆ ಎರಡೂವರೆ ವ್ಯಾಟ್, ಅದೂ ಬೆರಳ ತುದಿಯಷ್ಟು ಜಾಗದಲ್ಲಿ. ಇದನ್ನು ಯಾವ ಫ್ಯೂಸೂ ಹಿಡಿಯಲಾರದು, ಏಕೆಂದರೆ ಪ್ರವಾಹ ಹೆಚ್ಚುವುದೇ ಇಲ್ಲ. ಬಣ್ಣ ಕೆರೆದು ಲಗ್ ಬಿಗಿಯುವುದು, ಕೀಲಿಗೆ ಬೆಸುಗೆ ಇಲ್ಲವೇ ಒತ್ತಿ ಕೂರಿಸುವ ಸಂಪರ್ಕ, ರಂಧ್ರಕ್ಕೆ ರಬ್ಬರ್ ಬಳೆ: ಇವುಗಳ ಸುದ್ದಿ ಹಾಳೆಯಲ್ಲಿಲ್ಲ.

'12 ವೋಲ್ಟ್' ಎಂಬ ಮಾತನ್ನೂ ಒಮ್ಮೆ ನೋಡಬೇಕು. ಎಂಜಿನ್ ಓಡುವಾಗ ಆಲ್ಟರ್ನೇಟರ್ 14.4 ವೋಲ್ಟಿನವರೆಗೆ ಕೊಡುತ್ತದೆ. ಅಗ್ಗದ ಎಲ್‌ಇಡಿ ಪಟ್ಟಿಯಲ್ಲಿ ಮೂರು ಎಲ್‌ಇಡಿ, ಒಂದು 150 ಓಮ್ ರೋಧಕ ಸರಣಿಯಲ್ಲಿರುತ್ತವೆ. ಎಲ್‌ಇಡಿಗೆ 3 ವೋಲ್ಟಿನಂತೆ 9 ಕಳೆದರೆ ರೋಧಕಕ್ಕೆ ಉಳಿಯುವುದು 3 ವೋಲ್ಟ್, ಪ್ರವಾಹ 20 ಮಿಲಿಆಂಪೇರ್. 14.4ರಲ್ಲಿ ಉಳಿಯುವುದು 5.4, ಪ್ರವಾಹ 36. ವೋಲ್ಟೇಜು ಏರಿದ್ದು ಶೇಕಡಾ 20, ಪ್ರವಾಹ ಏರಿದ್ದು ಶೇಕಡಾ 80. ದೀಪ ಆರು ತಿಂಗಳಿಗೆ ಸಾಯುವುದು ಏಕೆಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಇಂಥ ಕೆಲಸವನ್ನು ಸ್ವಂತ ಮಾಡಬಾರದು, ಪರಿಣತರಿಗೇ ಬಿಡಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತನೆಯ ತರಗತಿಯ ಓಮ್ ಮತ್ತು ಜೂಲ್ ನಿಯಮಗಳಿಗಿಂತ ಹೆಚ್ಚಿನದೇನೂ ಮೇಲಿನ ಲೆಕ್ಕದಲ್ಲಿಲ್ಲ. ಕೊರತೆ ಇರುವುದು ನಾವು ಕೇಳುವ ಪ್ರಶ್ನೆಗಳಲ್ಲಿ. ನಮ್ಮ ಮಂಡಲಗಳಲ್ಲಿ ತಂತಿಗೆ ಉದ್ದವಿಲ್ಲ, ರೋಧವಿಲ್ಲ, ಅದು ಎಂದೂ ಕೆಡುವುದಿಲ್ಲ. ಎರಡು ಟಾರ್ಚ್ ಸೆಲ್, ಒಂದು ಪುಟ್ಟ ಬಲ್ಬು, ಫ್ಯೂಸಿನ ಬದಲು ಪಾತ್ರೆ ಉಜ್ಜುವ ಉಕ್ಕಿನ ನಾರಿನ ಒಂದು ಎಳೆ, ಕೆಳಗೊಂದು ಪಿಂಗಾಣಿ ತಟ್ಟೆ. ಎಳೆಯನ್ನು ಒಮ್ಮೆ ಸೆಲ್ಲಿನ ಪಕ್ಕ, ಇನ್ನೊಮ್ಮೆ ಬಲ್ಬಿನ ಪಕ್ಕ ಇಟ್ಟು, ತಂತಿಯ ನಡುವೆ ಕ್ಷಣಮಾತ್ರ ಶಾರ್ಟ್ ಮಾಡಿಸಿ. ಮೊದಲ ಸಲ ಎಳೆ ಉರಿದುಹೋಗುತ್ತದೆ, ಎರಡನೆಯ ಸಲ ಸುಮ್ಮನೆ ಕುಳಿತಿರುತ್ತದೆ, ಬೆರಳಿಗೆ ತಂತಿ ಬಿಸಿ ಹತ್ತುತ್ತದೆ. ಕಾರಿನ ಬ್ಯಾಟರಿಯಲ್ಲಿ ಮಾತ್ರ ಈ ಪ್ರಯೋಗ ಬೇಡ.

ವಿದ್ಯಾರ್ಥಿ ಹೊಸ ತಂತಿ ಎಳೆದಿದ್ದಾನೆ. ಫ್ಯೂಸ್ ಈಗ ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿದೆ. ದೀಪ, ಫ್ಯಾನು ಕೀಲಿ ತಿರುಗಿಸಿದಾಗ ಮಾತ್ರ ಬರುವ ಸಂಪರ್ಕದಲ್ಲಿ, ಗಡಿಯಾರವೊಂದೇ ನೇರ ಸಂಪರ್ಕದಲ್ಲಿ. ಹೊರಡುವಾಗ, ಅಂದಿನ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ತನಗೆ ಎಷ್ಟು ಅಂಕ ಬಂದಿತ್ತು ನೆನಪಿದೆಯೇ ಎಂದು ಕೇಳಿದ. ನೆನಪಿಲ್ಲ ಎಂದೆ. "ಪೂರ್ತಿ ಕೊಟ್ಟಿದ್ರಿ ಸರ್" ಎಂದು ನಕ್ಕು ಗಾಡಿ ಹತ್ತಿದ.