ಕ್ಯಾಂಪಸ್ಸಿನ ದೇವರಿಗೊಂದು ಡೆಡ್‌ಲೈನ್

ಹೋದ ತಿಂಗಳು ಕಮಲಾಪುರಕ್ಕೆ ಹೋಗಿದ್ದೆ. ರಜೆಗೆ ಬಂದಿದ್ದ ಅಕ್ಕನ ಮಗಳು ಕೇಳಿದಳು: "ಮಾಮಾ, ನಮ್ಮ ಹಾಸ್ಟೆಲ್ ಹಿಂದ ಯಾರೋ ಕಟ್ಟಿ ಕಟ್ಟಿ ಕಲ್ಲು ಇಟ್ಟಾರ. ಇನ್ನ ಅದನ್ನ ಯಾರೂ ತೆಗಿಲಕ್ಕ ಬರಲ್ಲಂತ, ಖರೇನಾ?" ಅವಳು ಓದೋದು ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಹೆಸರು ಬೇಡ. ಕೆಂಪು ಬಾಳೆಹಣ್ಣು ಸುಲಿಯುತ್ತಾ "ಹಂಗೇನಿಲ್ಲ ಬಿಡು" ಅಂದೆ. ಆಮೇಲೆ ಕಲಬುರಗಿ ಬಸ್ಸಿನಲ್ಲಿ ಕೂತು ಕಾಯ್ದೆ ಓದಿದೆ.

ಕರ್ನಾಟಕ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ, 2021. ಬಹಳ ಸಣ್ಣದು, ಓದಲು ಹೆಚ್ಚು ಹೊತ್ತು ಬೇಡ. ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ಮಹದೇವಮ್ಮನ ಗುಡಿ ಕೆಡವಿದ್ದಕ್ಕೆ ಗದ್ದಲವಾಯಿತಲ್ಲ, ಅದೇ ತಿಂಗಳು ವಿಧಾನಮಂಡಲ ಪಾಸು ಮಾಡಿತು. ಅವಸರ ಪಠ್ಯದಲ್ಲೇ ಕಾಣುತ್ತದೆ. ಸಾರ್ವಜನಿಕ ಜಾಗದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದರೂ, ಕಾಯ್ದೆ ಜಾರಿಯಾದ ದಿನ ಇದ್ದರೆ ಅದಕ್ಕೆ ರಕ್ಷಣೆ. ಆಮೇಲಿನದಕ್ಕಿಲ್ಲ. ಅಂದರೆ ನಾನು ಅವಳಿಗೆ ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ಆದರೆ ಕಲ್ಲು ಯಾವತ್ತು ಬಂತು ಅಂತ ಹೇಳೋರ್ಯಾರು? ಎರಡು ಮಳೆಗಾಲ ಕಳೆದು ಎಣ್ಣೆ ಹಿಡಿದರೆ ಎಲ್ಲ ಕಲ್ಲೂ ಹಳೇದೇ.

ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಬೇರೆ ಥರ ಇತ್ತು. ರಸ್ತೆ, ಪಾರ್ಕು, ಇತರ ಸಾರ್ವಜನಿಕ ಸ್ಥಳಗಳಲ್ಲಿ ಹೊಸದಾಗಿ ಅನಧಿಕೃತ ಗುಡಿ, ಚರ್ಚು, ಮಸೀದಿ, ಗುರುದ್ವಾರ ಕೂಡದು. ಈಗಾಗಲೇ ಇರೋದನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಿ ಅಂತ. ಈ "ಒಂದೊಂದಾಗಿ" ಅನ್ನೋದೇ ನನಗೆ ಮುಖ್ಯ. ನಮ್ಮ ಕಡೆ ಕ್ಯಾಂಪಸ್ಸುಗಳು ಎದ್ದಿರೋದು ಹೊಲಗಳ ಮೇಲೆ. ಅಲ್ಲಿ ಹೊಲದ ದೇವರು, ಯಾವುದೋ ಅಜ್ಜನ ಗೋರಿ ಮೊದಲಿನಿಂದ ಇರಬಹುದು. ಹೊಲ ಕೊಟ್ಟ ರೈತ ವರ್ಷಕ್ಕೊಮ್ಮೆ ಬಂದು ಕಾಯಿ ಒಡೆದರೆ ಅದರಲ್ಲಿ ತಕರಾರೇನು? ಅದೂ, ರಾತ್ರೋರಾತ್ರಿ ಎದ್ದ ಕಟ್ಟೆಯೂ ಒಂದೇ ಅಲ್ಲ. ಕಾಯ್ದೆಗೆ ಮಾತ್ರ ಇರೋದು ಒಂದೇ ಪ್ರಶ್ನೆ: ಆ ದಿನ ಇತ್ತೋ ಇಲ್ಲವೋ?

2022ರಲ್ಲಿ ಬೆಂಗಳೂರು ವಿ.ವಿ.ಯ ಜ್ಞಾನಭಾರತಿಯಲ್ಲಿ ಆಗಿದ್ದು ಇನ್ನೊಂದು ನಮೂನೆ. ರಸ್ತೆ ಅಗಲೀಕರಣಕ್ಕೆ ಅಡ್ಡವಾದ ಗಣೇಶನ ಗುಡಿಯನ್ನು ಪಾಲಿಕೆ ಕ್ಯಾಂಪಸ್ಸಿನೊಳಗೆ ಕಟ್ಟಿಸಲು ಹೊರಟಿತು; ವಿದ್ಯಾರ್ಥಿಗಳು, ಅಧ್ಯಾಪಕರು ಬೀದಿಗಿಳಿದರು. ರಸ್ತೆಗೆ ಅಡ್ಡ ಅಂತ ತೆಗೆದದ್ದು ಓದೋ ಜಾಗಕ್ಕೆ ಅಡ್ಡ ಅಲ್ಲ ಅಂತ ಯಾವ ಲೆಕ್ಕದಲ್ಲಿ?

ನಮ್ಮ ಆಳಂದ ರಸ್ತೆಗೆ ಬನ್ನಿ. ಅದೇ ವರ್ಷ ಏಪ್ರಿಲ್‌ನಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಆವರಣದ ಲಕ್ಷ್ಮಿ ಗುಡಿಯಲ್ಲಿನ ರಾಮನವಮಿ ಪೂಜೆಯ ಸುತ್ತ ವಿದ್ಯಾರ್ಥಿಗಳ ನಡುವೆ ಹೊಡೆದಾಟವಾಯಿತು. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಆಳಂದದ ಲಾಡ್ಲೆ ಮಶಾಕ್ ದರ್ಗಾ. ಅಲ್ಲಿನ ಶಿವಲಿಂಗಕ್ಕೆ ಶಿವರಾತ್ರಿಯಂದು ಎಷ್ಟು ಜನ ಪೂಜೆ ಮಾಡಬಹುದು ಅಂತ ಹೈಕೋರ್ಟ್ ಹೇಳಬೇಕಾಯಿತು: ಹದಿನೈದು. ಕ್ಯಾಂಪಸ್ಸೂ ಅಲ್ಲಿಗೆ ಮುಟ್ಟಬೇಕಾ?

ಪರೀಕ್ಷೆ ದಿನ ನಾನೂ ಕಾಲೇಜು ಗೇಟಿನ ಹನುಮಪ್ಪನಿಗೆ ಕೈ ಮುಗಿದವನೇ, ಸುಳ್ಳು ಹೇಳಲ್ಲ. ಪಕ್ಕದಲ್ಲಿ ಕೈ ಮುಗಿಯದೆ ನಿಂತಿದ್ದವನಿಗೆ ಹೇಗನ್ನಿಸಿತ್ತೋ, ಅವತ್ತು ಕೇಳಲಿಲ್ಲ. 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರವೇಶಕ್ಕೆ ಧರ್ಮದ ಪರೀಕ್ಷೆ ಇಡಕೂಡದು ಅನ್ನುತ್ತದೆ. ಗೇಟು ದಾಟಿದ ಮೇಲಿನ ಪರೀಕ್ಷೆ ಯಾವ ಕಲಮಿನಲ್ಲೂ ಸಿಗೋದಿಲ್ಲ.

ಬಸ್ಸಿಳಿದು ಅವಳಿಗೆ ಫೋನ್ ಮಾಡಿದೆ. ಕುಲಸಚಿವರಿಗೆ ಒಂದು ಅರ್ಜಿ ಕೊಡು, ಯಾರು ಅನುಮತಿ ಕೊಟ್ಟರು, ಯಾವತ್ತು ಕಟ್ಟಿದರು ಕೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕೆಳಗ ನನ್ನ ಹೆಸರು, ರೂಮ್ ನಂಬರ್ ಬರಿಬೇಕಾ, ಮಾಮಾ?"