ಬೇಲಿಯೊಳಗಿನ ಸೇವೆ

ರೂಡಿ ವೀಬ್ ಅವರ ಮೊದಲ ಕಾದಂಬರಿ ‘ಪೀಸ್ ಶಲ್ ಡಿಸ್ಟ್ರಾಯ್ ಮೆನಿ’ (1962) ಓದಿ ಮುಗಿಸಿದ ಮೇಲೆ ನಮ್ಮನ್ನು ಕಾಡಿದವನು ನಾಯಕ ಥಾಮ್ ಅಲ್ಲ, ಚರ್ಚಿನ ಹಿರಿಯ ಡೀಕನ್ ಬ್ಲಾಕ್. ರಷ್ಯಾ ಬಿಟ್ಟು ಬಂದು, ಕೆನಡಾದ ಸಸ್ಕಾಚೆವಾನಿನಲ್ಲಿ ಕಾಡು ಕಡಿದು ಹೊಲ ಮಾಡಿದ ಮೆನೊನೈಟ್ ರೈತ. ಆಯುಧ ಮುಟ್ಟದ ಪಂಥದವನು. ಸಂಸಾರಕ್ಕೂ ಊರಿಗೂ ಜೀವ ತೇಯ್ದವನು. ಊರು ಕೆಡಬಾರದೆಂದು ಪಕ್ಕದ ಮೆಟೀ ಜನರನ್ನು, ಅಂದರೆ ಮೂಲನಿವಾಸಿ–ಫ್ರೆಂಚ್ ಸಂತತಿಯವರನ್ನು, ಹಣ ಕೊಟ್ಟು ಸಾಗಹಾಕಲು ನೋಡುತ್ತಾನೆ. ಮಗಳನ್ನು ಕೇಳಿಬಂದ ಗಂಡಿನ ಹುಟ್ಟು ಸರಿಯಿಲ್ಲವೆಂದು ಮದುವೆ ತಪ್ಪಿಸುತ್ತಾನೆ. ಆ ಎಲಿಜಬೆತ್ ಗುಟ್ಟಾಗಿ ಬಸುರಾಗಿ ಹೆರಿಗೆಯಲ್ಲಿ ಸಾಯುತ್ತಾಳೆ.

ಇಷ್ಟಾದರೂ ವೀಬ್ ಅವನನ್ನು ಖಳನನ್ನಾಗಿಸುವುದಿಲ್ಲ. ಅವನ ತ್ಯಾಗ ನಿಜವಾದದ್ದು, ಭಯವಾಗುವುದೇ ಅದಕ್ಕೆ. ಹೊರಗಿನವರಿಗೂ ತಿಳಿಯಲೆಂದು ಕೂಟದಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದ ಮೇಷ್ಟ್ರನ್ನು ಅವನು ಆಕ್ಷೇಪಿಸುವ ಭಾಗ ಕನ್ನಡ ಸಂಘ ಕಟ್ಟಿಕೊಂಡ ನಮ್ಮಂಥವರಿಗೆ ಚುರುಕ್ಕೆನ್ನುತ್ತದೆ. ಅಲ್ಲಿ ಜರ್ಮನ್ ಪ್ರೀತಿಯ ನುಡಿಯೂ ಹೌದು, ಬೇಲಿಯೂ ಹೌದು. ಪುಸ್ತಕ ಎಬ್ಬಿಸಿದ ಗದ್ದಲದಲ್ಲಿ ವೀಬ್ 1963ರಲ್ಲಿ ತಮ್ಮ ಪಂಥದ ಪತ್ರಿಕೆಯ ಸಂಪಾದಕತ್ವ ಬಿಡಬೇಕಾಯಿತು.

ನಮ್ಮ ತಕರಾರು ಬೇರೆ. ಮೆಟೀ ಜನ ಇಲ್ಲಿ ಥಾಮ್‌ನ ಮನಸ್ಸಾಕ್ಷಿಗೊಂದು ಸಮಸ್ಯೆಯಾಗಿ ಬರುತ್ತಾರೆಯೇ ಹೊರತು ತಮ್ಮ ಮಾತು ಹೊತ್ತು ಬರುವುದು ಕಡಿಮೆ. ಎಲಿಜಬೆತ್‌ಳಂತೂ ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತಾಳೆ. ಅವಳಿಗೆ ಇನ್ನೆರಡು ಅಧ್ಯಾಯ ಬೇಕಿತ್ತು.