ಹದಿನಾರನೆಯ ನಡೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಚೆಸ್ ಟೂರ್ನಿಗೆ ಬರುವ ಮಕ್ಕಳಲ್ಲಿ ಕೆಲವರು ಮೊದಲ ನಡೆಗೇ ಬದಿಯ ಪಾನನ್ನು ದೂಡುತ್ತಾರೆ: ಸಿ4, ಇಲ್ಲವೇ ಬಿ3. ಯಾಕೆಂದು ಕೇಳಿದರೆ, ಎದುರಿನವರು ಬಾಯಿಪಾಠ ಮಾಡಿ ಬಂದದ್ದು ನಡೆಯಬಾರದಲ್ಲ ಎನ್ನುತ್ತಾರೆ. ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. ಅಂಥವರಿಗೆ ನಾನು ತೋರಿಸುವುದು 1924ರ ಮಾರ್ಚ್ 22ರಂದು ನ್ಯೂಯಾರ್ಕಿನಲ್ಲಿ ರಿಚರ್ಡ್ ರೆಟಿ ವಿಶ್ವ ಚಾಂಪಿಯನ್ ಕಪಾಬ್ಲಾಂಕನ ವಿರುದ್ಧ ಆಡಿದ ಆಟ. 1916ರಿಂದ ಗಂಭೀರ ಸ್ಪರ್ಧೆಯಲ್ಲಿ ಸೋಲನ್ನೇ ಕಾಣದವನು ಅಂದು 31 ನಡೆಗಳಲ್ಲಿ ಸೋತ.

ರೆಟಿ ಕುದುರೆಯಿಂದ ತೊಡಗಿ, ಸಿ4, ಬಿ4 ಆಡಿ, ಎರಡೂ ಬಿಷಪ್‌ಗಳನ್ನು ಬಿ2, ಜಿ2 ಮನೆಗಳಲ್ಲಿ ಕೂರಿಸಿದ. ಡಿ ಪಾನ್ ಎಂಟನೆಯ ನಡೆಯಲ್ಲಿ ಒಂದೇ ಮನೆ ಮುಂದೆ ಬಂದು ನಿಂತಿತು. ಅಡಿಕೆ ತೋಟಕ್ಕೆ ನೀರು ಬಿಡುವ ಮೊದಲು ಕಣಿ ಬಿಡಿಸುವವರ ಕೆಲಸದಂತೆ ಇದೆಲ್ಲ. 16ನೆಯ ನಡೆಯಲ್ಲಿ ಡಿ4 ಬಂತು. ಅಲ್ಲಿಯವರೆಗಿನ ಹದಿನೈದು ನಡೆಗಳಿಗೂ ಅರ್ಥ ಬಂದದ್ದು ಆಗ. ಬದಿಯಿಂದ ಆಡುವುದೆಂದರೆ ನಡುವನ್ನು ಬಿಟ್ಟುಕೊಡುವುದಲ್ಲ, ನಡುವಿಗೆ ತಡವಾಗಿ, ಸಿದ್ಧವಾಗಿ ಬರುವುದು.

ನನಗೆ ಅತಿ ಇಷ್ಟವಾದ ಭಾಗ ಮುಂದಿನದು. ರೆಟಿ ರಾಣಿಯನ್ನು ಡಿ2ಕ್ಕೆ ಸರಿಸಿ ಸಿ4ರ ಪಾನನ್ನು ಕಾವಲಿಲ್ಲದೆ ಬಿಟ್ಟ. ಕಪಾಬ್ಲಾಂಕ ಅದನ್ನು ತಿಂದ. ಬಿ2ರಿಂದ ಹೊರಟ ಬಿಷಪ್ 21ನೆಯ ನಡೆಯಲ್ಲಿ ವಿನಿಮಯವಾಗಿ ಹೋಯಿತು. ಅದು ಖಾಲಿ ಮಾಡಿದ ಅದೇ ಮನೆಗೆ ರಾಣಿ ಬಂದು ಚೆಕ್ ಕೊಟ್ಟಳು! ಮರುನಡೆಯಲ್ಲಿ ಆನೆ ಡಿ6ರ ಪಾನನ್ನು ಹೊಡೆದು ಲೆಕ್ಕ ಸರಿಮಾಡಿತು. ಪಾನ್‌ಗಳ ಲೆಕ್ಕ ಸಮ, ಆದರೆ ಡಿ ಸಾಲು ಪೂರ್ತಿ ಬಿಳಿಯದು.

ಆಟ ಕುಂದಿಲ್ಲದ್ದೇನೂ ಅಲ್ಲ. ಕಪಾಬ್ಲಾಂಕ 18ರಲ್ಲಿ ಕುದುರೆಯನ್ನು ಹಿಂದಕ್ಕೆ ತಂದದ್ದು ತಪ್ಪು. ಆಮೇಲೆ ಅವನ ರಾಣಿ ಸಿ5, ಎಚ್5, ಇ5 ಸುತ್ತಿ ಮತ್ತೆ ಸಿ5ಕ್ಕೇ ಬಂದಳು. ಎದುರಾಳಿ ಇಷ್ಟು ಹೊತ್ತು ವ್ಯರ್ಥ ಮಾಡದಿದ್ದರೆ ರೆಟಿಯ ಗೆಲುವು ಇಷ್ಟು ಸಲೀಸಾಗುತ್ತಿರಲಿಲ್ಲ. ಹಾಗೆಂದು ಯೋಜನೆಯ ಬೆಲೆ ಕಡಿಮೆಯಾಗುವುದಿಲ್ಲ. ಆ ತಪ್ಪುಗಳು ಹುಟ್ಟಿದ್ದೇ ಡಿ4ರ ಒತ್ತಡದಲ್ಲಿ.

ಒಮ್ಮೆ ಮೂಡುಬಿದಿರೆಯಲ್ಲಿ 15ನೆಯ ನಡೆಗೆ ಬೋರ್ಡ್ ನಿಲ್ಲಿಸಿ, ಇನ್ನೇನು ಆಡುತ್ತೀರಿ ಎಂದು ಕೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ಡಿ ಪಾನಿನ ಮೇಲೆ ಬೆರಳಿಟ್ಟಳು. "ಸರ್, ಇದನ್ನು ಈಗ ದೂಡ್ಬಹುದಲ್ವಾ?"